ಕೈಗೆ ಕೋಲೋ, ಕೋಲಿಗೆ ಕೈಯೋ

1502ರಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ ಪರ್ತ್ ಪಟ್ಟಣದ ಒಬ್ಬ ಕುಶಲಕರ್ಮಿಯಿಂದ ಆಟದ ಕೋಲುಗಳನ್ನು ಕೊಂಡ. ಅರಮನೆಯ ಖಜಾನೆ ಲೆಕ್ಕದಲ್ಲಿ ಆ ಖರ್ಚು ಇಂದಿಗೂ ಓದಸಿಗುತ್ತದೆ. ಗಾಲ್ಫ್ ಕೋಲು ಖರೀದಿಯ ಅತಿ ಹಳೆಯ ದಾಖಲೆ ಎಂದು ಇತಿಹಾಸಕಾರರು ಎಣಿಸುವುದು ಇದನ್ನೇ. ಮಾರಿದವನ ಕಸುಬು ಬಿಲ್ಲು ಮಾಡುವುದು.

ಇದರಲ್ಲೊಂದು ಸೋಜಿಗವಿದೆ. ಜನ ಗಾಲ್ಫು, ಫುಟ್‌ಬಾಲು ಅಂತ ಕಾಲ ಕಳೆದು ಬಿಲ್ಲುವಿದ್ಯೆ ಮರೆಯುತ್ತಿದ್ದಾರೆ, ನಾಳೆ ಇಂಗ್ಲೆಂಡಿನವರು ದಂಡೆತ್ತಿ ಬಂದರೆ ಗತಿಯೇನು ಎಂಬ ಚಿಂತೆಯಲ್ಲಿ ಅವನ ಅಜ್ಜ ಎರಡನೆಯ ಜೇಮ್ಸನ ಪಾರ್ಲಿಮೆಂಟು 1457ರಲ್ಲೇ ಎರಡೂ ಆಟಗಳನ್ನು ನಿಷೇಧಿಸಿತ್ತು. 1471ರಲ್ಲಿ ಅದೇ ನಿಷೇಧ ಮತ್ತೊಮ್ಮೆ ಬಂತು. 1491ರಲ್ಲಿ, ಸ್ವತಃ ನಾಲ್ಕನೆಯ ಜೇಮ್ಸನ ಆಳ್ವಿಕೆಯಲ್ಲಿ, ಮೂರನೆಯ ಸಲ. ಅದಾಗಿ ಹನ್ನೊಂದು ವರ್ಷಕ್ಕೆ ಅದೇ ದೊರೆ ಬಿಲ್ಲುಗಾರನ ಅಂಗಡಿಯಿಂದಲೇ ಕೋಲು ತರಿಸಿಕೊಂಡ.

ಬಿಲ್ಲುಗಾರನ ಬಳಿಗೇ ಹೋದದ್ದಕ್ಕೆ ಕಾರಣವಿತ್ತು. ಯಾವ ಮರ ಎಷ್ಟು ಬಾಗುತ್ತದೆ, ಎಲ್ಲಿ ಹೆರೆದರೆ ಎಷ್ಟು ಚಿಮ್ಮುತ್ತದೆ, ಎಲ್ಲಿ ಹೆರೆದರೆ ಸೀಳುತ್ತದೆ ಎಂಬುದು ಅವನ ಬೆರಳಿಗೆ ಗೊತ್ತು. ಇನ್ನೊಂದು ವಿದ್ಯೆಯೂ ಅವನಲ್ಲಿತ್ತು. ಬಿಲ್ಲನ್ನು ಹಿಡಿಯುವವನ ತೋಳು ನೋಡಿ ಮಾಡಬೇಕು. ಎಳೆಯಲಾರದ ಬಿಲ್ಲು ಎಷ್ಟು ಚೆಂದವಿದ್ದರೂ ಗೋಡೆಗೆ ತೂಗುಹಾಕಲಷ್ಟೇ ಲಾಯಕ್ಕು. ಎತ್ತರ, ತೋಳಿನ ಉದ್ದ, ರಟ್ಟೆಯ ಬಲ, ಇವನ್ನು ಅಳೆದು ಸಾಮಾನು ಮಾಡುವ ಅಭ್ಯಾಸ ಹೀಗೆ ಗಾಲ್ಫ್ ಕೋಲಿಗೂ ಹುಟ್ಟಿನಿಂದಲೇ ಬಂತು. ಇಂದು ‘ಕ್ಲಬ್ ಫಿಟ್ಟಿಂಗ್’ ಎಂಬ ಹೆಸರಿನಲ್ಲಿ ಕಂಪ್ಯೂಟರು, ರಾಡಾರುಗಳ ನಡುವೆ ನಡೆಯುವ ಕೆಲಸ ಹೊಸದೆಂದು ಕಾಣುತ್ತದೆ. ಅದರ ಬೇರು ಮಾತ್ರ ಐದು ಶತಮಾನ ಹಿಂದಿನ ಬಿಲ್ಲಂಗಡಿಯಲ್ಲಿದೆ.

1603ರಲ್ಲಿ ಆರನೆಯ ಜೇಮ್ಸ್ ಎಡಿನ್‌ಬರೋದ ವಿಲಿಯಂ ಮೇನ್ ಎಂಬುವನನ್ನು ಜೀವಮಾನ ಪರ್ಯಂತ ರಾಜನ ಕೋಲುಗಾರನಾಗಿ ನೇಮಿಸಿದ. ಅವನೂ ಬಿಲ್ಲುಗಾರನೇ, ನೇಮಕದಲ್ಲಿ ಈಟಿ ಮಾಡುವ ಕೆಲಸವೂ ಸೇರಿತ್ತು. ಅದೇ ಶತಮಾನದ ಕೊನೆಗೆ, 1687ರಲ್ಲಿ, ಎಡಿನ್‌ಬರೋದ ವೈದ್ಯಕೀಯ ವಿದ್ಯಾರ್ಥಿ ಥಾಮಸ್ ಕಿನ್‌ಕೇಡ್ ತನ್ನ ದಿನಚರಿಯಲ್ಲಿ ಗಾಲ್ಫಿನ ಬಗ್ಗೆ ಬರೆದಿಟ್ಟ. ಹೇಗೆ ನಿಲ್ಲಬೇಕು, ಕೋಲನ್ನು ಹೇಗೆ ಹಿಡಿಯಬೇಕು, ತಲೆಯನ್ನು ಹಿಡಿಕೋಲಿಗೆ ಅಂಟು ಹಾಕಿ ಹೇಗೆ ಕೂಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ಅವನು ದುಡ್ಡಿಗೆ ಆಡಿದವನಲ್ಲ, ಪಾಠದ ನಡುವೆ ಬಿಡುವು ಮಾಡಿಕೊಂಡು ಮೈದಾನಕ್ಕೆ ಹೋಗುತ್ತಿದ್ದ ಹುಡುಗ. ತನ್ನ ಕೋಲನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತ, ಆಟವನ್ನೂ ಉಪಕರಣವನ್ನೂ ಒಂದೇ ಉಸಿರಿನಲ್ಲಿ ಯೋಚಿಸಿದ ಈ ಹವ್ಯಾಸಿಯನ್ನು ಗಾಲ್ಫ್ ಚರಿತ್ರೆ ಇನ್ನಷ್ಟು ಪ್ರೀತಿಯಿಂದ ನೆನೆಯಬೇಕು.

ಬಿಲ್ಲುಗಾರರ ನಂತರ ಈ ಕಸುಬು ಬಡಗಿಗಳ ಕೈಗೆ ಬಂತು. ಸೇಂಟ್ ಆಂಡ್ರೂಸಿನ ಹ್ಯೂ ಫಿಲ್ಪ್ (1782–1856) ಅವರಲ್ಲಿ ದೊಡ್ಡ ಹೆಸರು. ಮರಗೆಲಸದವನಾಗಿದ್ದ ಆತ 1819ರಲ್ಲಿ ಅಲ್ಲಿನ ಗಾಲ್ಫರ್‌ಗಳ ಸಂಘಕ್ಕೆ ಅಧಿಕೃತ ಕೋಲುಗಾರನಾದ. ಚೆಂಡನ್ನು ಕುಳಿಗೆ ಉರುಳಿಸಲು ಅವನು ಮಾಡಿದ ಪಟರ್‌ಗಳನ್ನು ಸ್ಟ್ರಾಡಿವೇರಿಯಸ್ ಪಿಟೀಲಿಗೆ ಹೋಲಿಸುವುದು ವಾಡಿಕೆ. ಆ ಕಾಲದ ಕೋಲು ನೋಡಿದರೆ ಹೋಲಿಕೆ ಅತಿಯೆನಿಸುವುದಿಲ್ಲ. ಸೇಬು, ಪೇರು ಅಥವಾ ಮುಳ್ಳುಮರದಿಂದ ಕಡೆದ ಉದ್ದ ಮೂಗಿನ ನೀಳ ತಲೆ. ತೂಕಕ್ಕೆ ಹಿಂಬದಿಯಲ್ಲಿ ಸೀಸ. ನೆಲಕ್ಕೆ ಉಜ್ಜಿ ಸವೆಯದಂತೆ ಅಡಿಯ ಅಂಚಿಗೆ ಕೊಂಬಿನ ಪಟ್ಟಿ. ತಲೆಯ ಕುತ್ತಿಗೆಯನ್ನೂ ಹಿಡಿಕೋಲಿನ ತುದಿಯನ್ನೂ ಓರೆಯಾಗಿ ಸೀಳಿ, ಅಂಟಿನಿಂದ ಒಂದರ ಮೇಲೊಂದು ಕೂರಿಸಿ, ಡಾಂಬರು ಸವರಿದ ಹುರಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಹಿಡಿಗೆ ಮೆತ್ತಗೆ ಬಟ್ಟೆ ಸುತ್ತಿ ಅದರ ಮೇಲೆ ಕುರಿಚರ್ಮ.

ಇಷ್ಟೆಲ್ಲ ಮಾಡಿಸಿಕೊಳ್ಳುತ್ತಿದ್ದವರು ಯಾರು? ಊರಿನ ಜಮೀನ್ದಾರರು, ವಕೀಲರು, ವೈದ್ಯರು, ಪಾದ್ರಿಗಳು. ಅಂದರೆ ಹವ್ಯಾಸಿಗಳು. ಆಗ ‘ಪ್ರೊಫೆಷನಲ್’ ಎಂದರೆ ಕೋಲು ಮಾಡುವವನು, ಚೆಂಡು ಹೊಲಿಯುವವನು, ಹುಲ್ಲು ನೋಡಿಕೊಳ್ಳುವವನು, ಧಣಿಯ ಚೀಲ ಹೊರುವವನು. ಚೆನ್ನಾಗಿ ಆಡುತ್ತಿದ್ದವನು ಅಂಗಡಿಯೊಳಗೆ ಹತರಿ ಹಿಡಿದಿದ್ದ, ಸಾಧಾರಣವಾಗಿ ಆಡುತ್ತಿದ್ದವನು ಬಾಗಿಲಲ್ಲಿ ನಿಂತು ಕೋಲನ್ನು ಅಲ್ಲಾಡಿಸಿ ನೋಡುತ್ತಿದ್ದ. ಕೋಲನ್ನು ಆಳಿಗೆ ಹೊಂದಿಸುವ ಕಲೆ ಬೆಳೆದದ್ದೇ ಸಾಧಾರಣ ಆಟಗಾರನ ಸಲುವಾಗಿ. ಇಂದು ಅನೇಕ ಹವ್ಯಾಸಿಗಳು “ಅದೆಲ್ಲ ದೊಡ್ಡ ಆಟಗಾರರಿಗೆ, ನಮಗ್ಯಾಕೆ” ಎಂದು ಹಿಂಜರಿಯುವಾಗ ಈ ಚಿತ್ರ ನೆನಪಿಗೆ ಬರಬೇಕು.

ಫಿಲ್ಪ್‌ನ ಕೊನೆಯ ವರ್ಷಗಳಲ್ಲಿ ಕಸುಬು ಬುಡಮೇಲಾಯಿತು. ಕಾರಣ ಚೆಂಡು. ಅಲ್ಲಿಯವರೆಗೆ ಚೆಂಡೆಂದರೆ ಬೇಯಿಸಿದ ಗರಿಯನ್ನು ಚರ್ಮದ ಚೀಲಕ್ಕೆ ತುರುಕಿ ಹೊಲಿದದ್ದು. ಒಳ್ಳೆಯ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕು ಚೆಂಡು ಮಾಡಿದರೆ ಹೆಚ್ಚು. 1848ರ ಹೊತ್ತಿಗೆ ಗಟ್ಟಾಪರ್ಚ ಎಂಬ ಮಲಯದ ಮರದಂಟಿನ ಚೆಂಡು ಬಂತು. ಅದರ ಬಗ್ಗೆ ಸೇಂಟ್ ಆಂಡ್ರೂಸಿನಲ್ಲಿ ಹೇಳುವ ಒಂದು ಕತೆ ನಮ್ಮವರಿಗೆ ಕುತೂಹಲ ಹುಟ್ಟಿಸುವಂಥದ್ದು. ಪೂರ್ವದೇಶದಿಂದ ಅಲ್ಲಿಗೆ ಬಂದ ವಿಷ್ಣುವಿನ ವಿಗ್ರಹವೊಂದಕ್ಕೆ ಪೆಟ್ಟಾಗದಿರಲೆಂದು ಪೆಟ್ಟಿಗೆಯಲ್ಲಿ ಗಟ್ಟಾಪರ್ಚದ ಚೂರುಗಳನ್ನು ತುಂಬಿದ್ದರಂತೆ. ಪ್ಯಾಟರ್ಸನ್ ಮನೆತನದ ಹುಡುಗನೊಬ್ಬ ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದನಂತೆ. ಕತೆ ಹೇಗೇ ಇರಲಿ, ಹೊಸ ಚೆಂಡು ಅಗ್ಗ, ಮಳೆಯಲ್ಲಿ ನೆನೆದರೂ ಕೆಡದು. ಆದರೆ ಕಲ್ಲಿನಷ್ಟು ಗಟ್ಟಿ. ಫಿಲ್ಪ್ ಕಡೆದ ನೀಳ ಮೂಗುಗಳು ಅದರ ಹೊಡೆತಕ್ಕೆ ಬಿರುಕು ಬಿಡತೊಡಗಿದವು.

ಕೋಲಿನ ತಲೆ ಗಿಡ್ಡವಾಯಿತು, ದಪ್ಪವಾಯಿತು. ಮುಖಕ್ಕೆ ಚರ್ಮದ ತುಂಡು ಕೂರಿಸಿದರು. ಹಿಡಿಕೋಲಿಗೆ ಹೇಜಲ್, ಆಶ್ ಮರಗಳ ಬದಲು ಅಮೆರಿಕದಿಂದ ಹಿಕರಿ ಬಂತು. ಫಿಲ್ಪ್‌ನ ಅಂಗಡಿಯನ್ನು 1856ರಲ್ಲಿ ವಹಿಸಿಕೊಂಡ ಅವನ ಸೋದರಳಿಯ ರಾಬರ್ಟ್ ಫಾರ್ಗನ್ ಹಿಕರಿಯ ಗುಣವನ್ನು ಮೊದಲೇ ಗುರುತಿಸಿದವರಲ್ಲಿ ಒಬ್ಬ. 1863ರಲ್ಲಿ ಅವನು ವೇಲ್ಸ್ ರಾಜಕುಮಾರನಿಗೆ ಒಂದು ಸೆಟ್ ಮಾಡಿಕೊಟ್ಟು, ರಾಜಕುಮಾರನ ಗರಿಯ ಲಾಂಛನವನ್ನು ತನ್ನ ಕೋಲುಗಳ ಮೇಲೆ ಒತ್ತುವ ಹಕ್ಕು ಪಡೆದ. ಕಲ್ಕತ್ತದಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್‌ಗಳು ಹುಟ್ಟಿದ್ದು ಇದೇ ಮರಗೆಲಸದ ಯುಗದಲ್ಲಿ. ಬೆಂಗಳೂರಿನ ಮೊದಲ ಆಟಗಾರರ ಕಾಲಕ್ಕೆ ಕೋಲು ಎಂದರೆ ಯಾರೋ ಒಬ್ಬ ಬಡಗಿ ಕೈಯಾರೆ ಹೆರೆದದ್ದೇ.

ಹಿಕರಿಯ ಕಾಲವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹೊಂದಿಸುವ ಕಲೆ ಅಲ್ಲಿ ತುದಿ ಮುಟ್ಟಿತು. ಒಂದೇ ಮರದಿಂದ ಸೀಳಿದ ಎರಡು ಹಿಕರಿ ಕೋಲುಗಳು ಒಂದೇ ಥರ ಬಾಗುವುದಿಲ್ಲ. ಬಾಗುವುದರ ಜೊತೆಗೆ ತಿರುಚುವ ಗುಣವೂ ಅದಕ್ಕಿದೆ. ಹೀಗಾಗಿ ಗಿರಾಕಿ ಬಂದಾಗ ಕೋಲುಗಾರ ಸ್ವಲ್ಪ ದಪ್ಪವಾಗಿಯೇ ಇರಿಸಿದ ಹಿಡಿಕೋಲನ್ನು ಅವನ ಕೈಗೆ ಕೊಡುತ್ತಿದ್ದ. ಬೀಸಿ ನೋಡಿ, “ಗಡುಸಾಯಿತು” ಎಂದರೆ ಇನ್ನೊಂದು ಪದರ ಹೆರೆತ. ಮತ್ತೆ ಬೀಸು, ಮತ್ತೆ ಹೆರೆತ. ಹೆರೆದದ್ದು ಹೆಚ್ಚಾದರೆ ಮರಳಿ ಅಂಟಿಸುವಂತಿಲ್ಲ; ಆ ಕೋಲು ಇನ್ನೊಬ್ಬ ನಿಧಾನಗೈಯವನಿಗೇ ಸರಿ. ಮುದುಕರಿಗೆ ಬಳುಕುವ ಕೋಲು, ರಟ್ಟೆ ಇರುವವರಿಗೆ ಬಿಗಿಯಾದದ್ದು ಎಂಬ ಲೆಕ್ಕ ಆಗಲೇ ಇತ್ತು. ಇಂದಿನ ಹಿಡಿಕೋಲುಗಳ ಮೇಲೆ ಅಚ್ಚಾಗಿರುವ ‘ರೆಗ್ಯುಲರ್’, ‘ಸ್ಟಿಫ್’, ‘ಸೀನಿಯರ್’ ಎಂಬ ಗುರುತುಗಳು ಆ ಹೆರೆತದ ಮೊಮ್ಮಕ್ಕಳು.

ಕಬ್ಬಿಣದ ತಲೆಗಳನ್ನು ಬಡಿದವರು ಕಮ್ಮಾರರು. ಸೇಂಟ್ ಆಂಡ್ರೂಸಿನ ಟಾಮ್ ಸ್ಟೂವರ್ಟ್ ತನ್ನ ಕುಲುಮೆಯಿಂದ ಹೊರಬಿದ್ದ ಪ್ರತಿ ತಲೆಯ ಮೇಲೂ ತಂಬಾಕಿನ ಪೈಪಿನ ಮುದ್ರೆ ಒತ್ತುತ್ತಿದ್ದ. ಕೋಲುಗಳಿಗೆ ಆಗ ನಂಬರ್ ಇರಲಿಲ್ಲ, ಹೆಸರಿತ್ತು: ಕ್ಲೀಕ್, ಮ್ಯಾಶಿ, ನಿಬ್ಲಿಕ್, ಬ್ರಾಸಿ, ಸ್ಪೂನ್. ಆಟಗಾರ ಒಂದು ಮ್ಯಾಶಿಯನ್ನು ಈ ಅಂಗಡಿಯಲ್ಲಿ, ಒಂದು ನಿಬ್ಲಿಕ್ಕನ್ನು ಆ ಊರಲ್ಲಿ, ಕೈಗೆ ಒಗ್ಗಿದಂತೆ ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದ. ಮುಂದೆ ಐದು ಸಲ ಬ್ರಿಟಿಷ್ ಓಪನ್ ಗೆದ್ದ ಜೇಮ್ಸ್ ಬ್ರೇಡ್ 1893ರಲ್ಲಿ ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್‌ನಲ್ಲಿ ಕೋಲು ಮಾಡುವ ಕೂಲಿಗೆ ಸೇರಿದವನು. ಅವನೂ ಮೊದಲಿಗೆ ಬಡಗಿ.

ಅಮೆರಿಕದ ಬಾಬಿ ಜೋನ್ಸ್ 1930ರ ಒಂದೇ ವರ್ಷದಲ್ಲಿ ಬ್ರಿಟನ್ ಮತ್ತು ಅಮೆರಿಕದ ಓಪನ್, ಅಮೆಚೂರ್ ಪಂದ್ಯಾವಳಿ ನಾಲ್ಕನ್ನೂ ಗೆದ್ದದ್ದು ಹಿಕರಿ ಕೋಲುಗಳಿಂದ. ಅವನು ಕೊನೆಯವರೆಗೂ ಹವ್ಯಾಸಿಯಾಗಿಯೇ ಆಡಿದ, ವೃತ್ತಿಯಲ್ಲಿ ವಕೀಲ. ಕಬ್ಬಿಣದ ತಲೆಗಳು ಸ್ಟೂವರ್ಟನ ಪೈಪ್ ಮುದ್ರೆಯವು. ವರ್ಷಗಟ್ಟಲೆ ಕೈಯಲ್ಲಿ ತೂಗಿ, ಬೀಸಿ, ಬೇಡದ್ದನ್ನು ಬಿಟ್ಟು ಆರಿಸಿಕೊಂಡ ಸೆಟ್ ಅದು. ಎಷ್ಟೋ ಕಾಲದ ಮೇಲೆ ಅವನ್ನು ಯಂತ್ರದಲ್ಲಿ ಅಳೆದಾಗ ಎಲ್ಲವೂ ಒಂದಕ್ಕೊಂದು ಹೊಂದಿದ್ದವೆಂದೂ, ಮ್ಯಾಶಿ-ನಿಬ್ಲಿಕ್ ಒಂದು ಮಾತ್ರ ಹೊರಗುಳಿಯಿತೆಂದೂ, ಜೋನ್ಸ್‌ಗೆ ಸದಾ ಕೈಕೊಡುತ್ತಿದ್ದದ್ದು ಅದೇ ಕೋಲೆಂದೂ ಗಾಲ್ಫ್ ಲೋಕದಲ್ಲಿ ಇಂದಿಗೂ ಹೇಳುತ್ತಾರೆ.

ಅಷ್ಟರಲ್ಲಿ ಉಕ್ಕು ಬಂದಾಗಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆರ್ಥರ್ ನೈಟ್ ಉಕ್ಕಿನ ಕೊಳವೆಯ ಹಿಡಿಕೋಲಿಗೆ 1910ರಲ್ಲೇ ಪೇಟೆಂಟ್ ಪಡೆದಿದ್ದ. ಅದಕ್ಕೂ ಮೊದಲು ಅವನು ಮಾಡಿದ, ತಲೆಯ ನಡುವಿನಿಂದ ಕೋಲು ಏಳುವ ಸ್ಕೆನೆಕ್ಟಡಿ ಪಟರ್ ದೊಡ್ಡ ಗದ್ದಲ ಎಬ್ಬಿಸಿತ್ತು. ಅದನ್ನು ಹಿಡಿದು 1904ರಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದ ವಾಲ್ಟರ್ ಟ್ರಾವಿಸ್ ಗಾಲ್ಫ್ ಕೋಲು ಮುಟ್ಟಿದ್ದೇ ಮೂವತ್ತನಾಲ್ಕರ ಪ್ರಾಯದಲ್ಲಿ. ದೂರ ಹೊಡೆಯುವ ಕಸು ಕಡಿಮೆಯಿದ್ದ ಅವನಿಗೆ ಆ ಪಟರ್ ಒಗ್ಗಿತು. ಕೆಲವು ವರ್ಷಗಳ ನಂತರ, 1910ರಲ್ಲಿ, ಬ್ರಿಟನ್ನಿನ ಗಾಲ್ಫ್ ಆಡಳಿತ ಸಂಸ್ಥೆ ಆರ್ ಅಂಡ್ ಎ ಅಂಥ ಪಟರನ್ನು ನಿಷೇಧಿಸಿತು. ಉಕ್ಕಿನ ಹಿಡಿಕೋಲಿಗೂ ಸುಲಭದ ಸ್ವಾಗತ ಸಿಗಲಿಲ್ಲ. ಅಮೆರಿಕ 1924ರಲ್ಲಿ ಒಪ್ಪಿತು, ಬ್ರಿಟನ್ ಒಪ್ಪಿದ್ದು 1929ರಲ್ಲಿ. 1931ರಲ್ಲಿ ಬಿಲ್ಲಿ ಬರ್ಕ್ ಉಕ್ಕಿನ ಕೋಲಿನಿಂದ ಅಮೆರಿಕದ ಓಪನ್ ಗೆದ್ದ ಮೇಲೆ ಹಿಕರಿಯ ಕಾಲ ಮುಗಿಯಿತು.

ಉಕ್ಕು ತಂದ ಲಾಭ ದೊಡ್ಡದು. ಸಾವಿರ ಹಿಡಿಕೋಲು ಮಾಡಿದರೂ ಒಂದರಂತೆ ಒಂದು. ತಿರುಚುವುದು ಕಡಿಮೆ, ಮುರಿಯುವುದು ಅಪರೂಪ, ಬೆಲೆ ಕೈಗೆಟಕುವಂಥದ್ದು. ಮ್ಯಾಶಿ, ನಿಬ್ಲಿಕ್ ಹೋಗಿ ನಂಬರುಗಳು ಬಂದವು. ಜೋನ್ಸ್ ಹೆಸರಿನಲ್ಲೇ ಸ್ಪಾಲ್ಡಿಂಗ್ ಕಂಪನಿ ಸೆಟ್‌ಗಳನ್ನು ಮಾರಿತು. ರಾಬರ್ಟ್ ಆಡಮ್ಸ್ ಎಂಬಾತ 1920ರ ದಶಕದಲ್ಲಿ ತಕ್ಕಡಿಯೊಂದನ್ನು ರೂಪಿಸಿದ. ಹಿಡಿಯ ತುದಿಯಿಂದ 14 ಇಂಚು ದೂರದಲ್ಲಿ ಆನಿಸಿ, ತಲೆಯ ಕಡೆ ಎಷ್ಟು ಭಾರ ಎಳೆಯುತ್ತದೆ ಎಂದು ನೋಡುವ ತಕ್ಕಡಿ. ‘ಸ್ವಿಂಗ್‌ವೇಟ್’ ಎಂಬ ಅಳತೆ ಬಂದದ್ದು ಹಾಗೆ. ಅದರ ಅಕ್ಷರ-ಅಂಕಿಗಳ ಲೆಕ್ಕದಲ್ಲಿ ಇಂದಿಗೂ ಗಂಡಸರ ಕೋಲುಗಳನ್ನು ಸಾಮಾನ್ಯವಾಗಿ ಡಿ-ಸೊನ್ನೆಯಿಂದ ಡಿ-ಎರಡರ ಆಸುಪಾಸಿನಲ್ಲೂ, ಹೆಂಗಸರದನ್ನು ಸಿ ಸಾಲಿನಲ್ಲೂ ಮಾಡುತ್ತಾರೆ. ಕೋಲು ಸುಲಭವಾಗಿ ಸಿಗತೊಡಗಿದ ಮೇಲೆ ಆಟಗಾರರು ಎರಡು ಡಜನ್ ಕೋಲು ಹೊರಿಸಿಕೊಂಡು ಬರಲಾರಂಭಿಸಿದರು. ಅಮೆರಿಕ 1938ರಲ್ಲಿ, ಬ್ರಿಟನ್ 1939ರಲ್ಲಿ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೂಡದೆಂದು ಕಟ್ಟಳೆ ಮಾಡಿದವು.

ಈ ಲಾಭದೊಳಗೆ ಒಂದು ನಷ್ಟ ಅಡಗಿತ್ತು. ಕೋಲುಗಳು ಒಂದಕ್ಕೊಂದು ಹೊಂದಿದವು, ಆದರೆ ಹಿಡಿಯುವವನಿಗೆ ಹೊಂದಬೇಕೆಂಬ ಮಾತು ಹಿಂದೆ ಸರಿಯಿತು. ಕಾರ್ಖಾನೆ ಒಬ್ಬ ‘ಸರಾಸರಿ’ ಗಂಡಸನ್ನು ಊಹಿಸಿಕೊಂಡು ಸೆಟ್ ಮಾಡಿತು. ಐದಡಿ ಎರಡಂಗುಲದವರೂ ಆರಡಿ ಮೂರಂಗುಲದವರೂ ಅದನ್ನೇ ಹಿಡಿದು, ಬೆನ್ನು ಬಗ್ಗಿಸಿಯೋ ಮಂಡಿ ಮಡಿಸಿಯೋ ಕೋಲಿಗೆ ತಕ್ಕಂತೆ ತಮ್ಮನ್ನು ಹೊಂದಿಸಿಕೊಂಡರು. ಹೆಂಗಸರಿಗೂ ಮಕ್ಕಳಿಗೂ ಗಂಡಸರ ಹಳೆಯ ಕೋಲನ್ನು ಮೇಲಿನಿಂದ ಕತ್ತರಿಸಿ ಕೊಡುವ ರೂಢಿ ಬಂತು. ಕತ್ತರಿಸಿದ ಕೋಲು ಗಿಡ್ಡವಾಗುತ್ತದೆ ನಿಜ, ಜೊತೆಗೆ ಇನ್ನಷ್ಟು ಗಡುಸಾಗುತ್ತದೆ, ತಲೆಯ ಭಾರ ಕೈಗೆ ತಿಳಿಯದಂತಾಗುತ್ತದೆ. ಕಡಿಮೆ ಬಲದವರ ಕೈಗೆ ಹೆಚ್ಚು ಬಲ ಬೇಡುವ ಕೋಲು. ಎಷ್ಟು ಮಕ್ಕಳು ಇದರಿಂದಲೇ ಆಟ ಬಿಟ್ಟಿರಬಹುದೋ!

ಕಳೆದುಹೋದ ಮಾತನ್ನು ಮರಳಿ ತಂದವನೂ ತಡವಾಗಿ ಆಟಕ್ಕೆ ಬಂದ ಒಬ್ಬ ಹವ್ಯಾಸಿಯೇ. ಕಾರ್ಸ್ಟನ್ ಸೋಲ್‌ಹೈಮ್ 1911ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕದ ಸಿಯಾಟಲ್ ಸೇರಿದವನು. ಅಪ್ಪನದು ಬೂಟು ಹೊಲಿಯುವ ಅಂಗಡಿ. ಎಂಜಿನಿಯರಿಂಗ್ ಓದಲು ಕಾಲೇಜಿಗೆ ಸೇರಿದ ಹುಡುಗ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ದುಡ್ಡಿಲ್ಲದೆ ಓದು ಬಿಟ್ಟು ಮತ್ತೆ ಬೂಟು ರಿಪೇರಿಗೆ ಕೂತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಓದು ಮುಂದುವರಿಸಿ ಎಂಜಿನಿಯರ್ ಆದ. ಆರ್ಥರ್ ನೈಟ್‌ನಂತೆಯೇ ಜನರಲ್ ಎಲೆಕ್ಟ್ರಿಕ್ ಸೇರಿದ. ಜೊತೆಗಾರರ ಒತ್ತಾಯಕ್ಕೆ ಗಾಲ್ಫ್ ಆಡತೊಡಗಿದಾಗ ವಯಸ್ಸು 42. ಉಳಿದದ್ದೆಲ್ಲ ಒಂದು ಮಟ್ಟಕ್ಕೆ ಬಂದರೂ ಪಟಿಂಗ್ ಕೈಗೆ ಹತ್ತಲಿಲ್ಲ. ಚೆಂಡು ನಡುವಿನಿಂದ ಸ್ವಲ್ಪ ಆಚೀಚೆ ತಗುಲಿದರೂ ಪಟರಿನ ತಲೆ ತಿರುಗುತ್ತದೆ, ದಾರಿ ತಪ್ಪುತ್ತದೆ ಎಂಬುದನ್ನು ಗಮನಿಸಿದ. ಭಾರವನ್ನು ತಲೆಯ ಎರಡು ತುದಿಗಳಿಗೆ ಹಂಚಿ, 1959ರಲ್ಲಿ ಕ್ಯಾಲಿಫೋರ್ನಿಯದ ತನ್ನ ಮನೆಯ ಗ್ಯಾರೇಜಿನಲ್ಲಿ ಹೊಸ ಪಟರ್ ಮಾಡಿದ. ಚೆಂಡಿಗೆ ತಗುಲಿದಾಗ ‘ಪಿಂಗ್’ ಎಂದು ಸದ್ದು ಮಾಡಿತು. ಕಂಪನಿಯ ಹೆಸರು ಅದೇ ಆಯಿತು.

1966ರಲ್ಲಿ ಬಂದ ಆನ್ಸರ್ ಪಟರ್ ಇಂದಿಗೂ ಜಗತ್ತಿನ ಅನೇಕ ಪಟರ್‌ಗಳ ಮೂಲಮಾದರಿ. ಆ ಹೆಸರು ಸೂಚಿಸಿದ್ದು ಪತ್ನಿ ಲೂಯಿಸ್. ತಲೆಯ ಮೇಲೆ ಜಾಗ ಸಾಲದೆ ಒಂದು ಅಕ್ಷರ ಬಿಟ್ಟು ಕೆತ್ತಿದರು. ಅದೇ ತತ್ವವನ್ನು ಅವನು ಕಬ್ಬಿಣದ ತಲೆಯ ಕೋಲುಗಳಾದ ಐರನ್‌ಗಳಿಗೂ ತಂದ. ಹಿಂಬದಿಯ ನಡುಭಾಗ ಟೊಳ್ಳು ಮಾಡಿ ಭಾರವನ್ನು ಅಂಚಿಗೆ ತಳ್ಳಿದ್ದರಿಂದ ಹವ್ಯಾಸಿಯ ತಪ್ಪು ಹೊಡೆತಕ್ಕೂ ಸ್ವಲ್ಪ ಕ್ಷಮೆ ದೊರೆಯಿತು. ಅದಕ್ಕಿಂತ ದೊಡ್ಡ ಕೆಲಸ 1970ರ ದಶಕದ್ದು. ಬೂಟಿನಂಗಡಿಯಲ್ಲಿ ಕೂತವನಿಗೆ ಒಂದೇ ಅಳತೆ ಎಲ್ಲ ಕಾಲಿಗೂ ಆಗದೆಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಟಗಾರನ ಎತ್ತರ, ನೆಟ್ಟಗೆ ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರ, ಇವೆರಡರ ಪಟ್ಟಿ ಮಾಡಿ ಪ್ರತಿ ಗುಂಪಿಗೂ ಒಂದು ಬಣ್ಣದ ಚುಕ್ಕೆ ಕೊಟ್ಟ. ಕಪ್ಪು ಚುಕ್ಕೆ ಮಾಮೂಲು, ನೀಲಿ ತುಸು ನೆಟ್ಟನೆಯದು, ಕೆಂಪು ತುಸು ಮಲಗಿದ್ದು. ಬಿಲ್ಲುಗಾರನ ಲೆಕ್ಕ ಬಣ್ಣದ ಚುಕ್ಕೆಯಾಗಿ ಮರಳಿತು.

ನೆಟ್ಟನೆ, ಮಲಗಿದ್ದು ಎಂದರೇನು? ಕೋಲಿನ ತಳ ನೆಲಕ್ಕೆ ಕೂತಾಗ ಹಿಡಿಕೋಲು ನೆಲದೊಂದಿಗೆ ಮಾಡುವ ಕೋನಕ್ಕೆ ‘ಲೈ’ ಎನ್ನುತ್ತಾರೆ. ಎತ್ತರದ ವ್ಯಕ್ತಿಗೆ ಅದು ಮಲಗಿದ್ದರೆ ಹೊಡೆಯುವಾಗ ತಲೆಯ ಹಿಮ್ಮಡಿ ಮೇಲೆದ್ದು ಮೂಗು ನೆಲಕ್ಕೆ ತಗುಲುತ್ತದೆ. ಬಲಗೈಯವನ ಚೆಂಡು ಬಲಕ್ಕೆ ಓಡುತ್ತದೆ. ಗಿಡ್ಡನೆಯವನಿಗೆ ಕೋಲು ತೀರ ನೆಟ್ಟಗಿದ್ದರೆ ಮೂಗು ಮೇಲೇಳುತ್ತದೆ, ಚೆಂಡು ಎಡಕ್ಕೆ. ಕೋಲಿನ ಮುಖ ಹೆಚ್ಚು ಮೇಲ್ಮುಖವಾದಷ್ಟೂ ಈ ದೋಷ ಹೆಚ್ಚು, ಹಾಗಾಗಿ ದೂರ ಹೊಡೆಯುವ ಡ್ರೈವರಿಗಿಂತ ಒಂಬತ್ತನೇ ಐರನ್ನಿನಲ್ಲಿ ಅದು ಎದ್ದು ಕಾಣುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹವ್ಯಾಸಿಯನ್ನು ಸುಮ್ಮನಾಗಿಸುವುದು ಸುಲಭ. ಇಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ತಳಕ್ಕೆ ಟೇಪು ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ನಾಲ್ಕು ಚೆಂಡು ಹೊಡೆದರೆ ಉಜ್ಜಿದ ಗುರುತು ಎಲ್ಲಿ ಬಿತ್ತೆಂದು ಬರಿಗಣ್ಣಿಗೆ ಕಾಣುತ್ತದೆ. ಬಡಿದು ಮಾಡಿದ ಮೆದು ಉಕ್ಕಿನ ತಲೆಯನ್ನು ಯಂತ್ರದಲ್ಲಿ ಸಿಕ್ಕಿಸಿ ಒಂದೆರಡು ಡಿಗ್ರಿ ಬಗ್ಗಿಸುವುದು ಕೆಲವೇ ನಿಮಿಷದ ಕೆಲಸ. ಎರಕ ಹೊಯ್ದ ಗಡುಸು ತಲೆ ಅಷ್ಟು ಸುಲಭಕ್ಕೆ ಬಗ್ಗದು, ಮುರಿಯುವ ಭಯವೂ ಉಂಟು.

2003ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಟ್ರ್ಯಾಕ್‌ಮ್ಯಾನ್ ಕಂಪನಿಯ ರಾಡಾರು ಚೆಂಡಿನ ವೇಗ, ಕೋನ, ತಿರುಗುವಿಕೆಗಳನ್ನು ಅಂಕಿಯಲ್ಲಿ ತೋರಿಸಿತು. 2008ರಿಂದ ನಿಯಮಗಳೂ ಸಡಿಲವಾಗಿ, ಸಣ್ಣ ಕೀಲಿಯಿಂದ ಡ್ರೈವರಿನ ಕೋನ ಬದಲಿಸಿಕೊಳ್ಳುವ ಅವಕಾಶ ಸಾಮಾನ್ಯ ಆಟಗಾರನಿಗೂ ದೊರೆಯಿತು. ಪಂದ್ಯದ ನಡುವೆ ಮಾತ್ರ ಮುಟ್ಟುವಂತಿಲ್ಲ. ಇಷ್ಟಾದರೂ ಕಣ್ಣುಮುಚ್ಚಿ ನಂಬಬಾರದ ಒಂದು ಸಂಗತಿಯಿದೆ: ಕೋಲಿನ ಮೇಲಿನ ನಂಬರು. ಅರ್ಧ ಶತಮಾನದ ಹಿಂದೆ ಏಳನೇ ಐರನ್ನಿನ ಮುಖ 36ರಿಂದ 38 ಡಿಗ್ರಿ ಓರೆಯಿರುತ್ತಿತ್ತು. ಇಂದಿನ ಅನೇಕ ಸೆಟ್‌ಗಳಲ್ಲಿ ಅದು 30ರ ಆಸುಪಾಸಿಗೆ ಇಳಿದಿದೆ. ಹೊಸ ಏಳನೇ ಐರನ್ ಹಳೆಯದಕ್ಕಿಂತ ದೂರ ಹೋಗುವುದರಲ್ಲಿ ಆ ಡಿಗ್ರಿಗಳ ಪಾಲು ದೊಡ್ಡದು.

ನಮ್ಮಲ್ಲಿ ಗಾಲ್ಫ್ ಕಲಿಯುವ ಬಹಳಷ್ಟು ಜನ ಮೊದಲು ಹಿಡಿಯುವುದು ಬೇರೆಯವರ ಕೋಲನ್ನು: ಮಾವ ಕೊಟ್ಟದ್ದು, ಆಫೀಸಿನ ಹಿರಿಯರು ಬಿಟ್ಟದ್ದು, ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಅದರಲ್ಲಿ ತಪ್ಪೇನಿಲ್ಲ. ಬೀಸು ಸರಿಯಿಲ್ಲವೆಂದು ತಿಂಗಳುಗಟ್ಟಲೆ ತಮ್ಮನ್ನೇ ಹಳಿದುಕೊಳ್ಳುವ ಮೊದಲು ಮೂರು ಕೆಲಸ ಮಾಡಬೇಕು. ಮಣಿಕಟ್ಟಿನಿಂದ ನೆಲದ ದೂರ ಅಳೆಸಿ ಕೋಲಿನ ಉದ್ದ ನೋಡಿಸಿ. ತಳಕ್ಕೆ ಟೇಪು ಹಚ್ಚಿ ಲೈ ಪರೀಕ್ಷಿಸಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಮೇಲಿನ ಕೈಯ ನಡುಬೆರಳುಗಳ ತುದಿ ಅಂಗೈಗೆ ಸ್ವಲ್ಪವೇ ತಾಗುವಷ್ಟು ದಪ್ಪವಿದೆಯೇ ಎಂದು ಗಮನಿಸಿ. ಇಲ್ಲದಿದ್ದರೆ ರಬ್ಬರ್ ಗ್ರಿಪ್ ಬದಲಿಸಿ. ಈ ಮೂರಕ್ಕೂ ಸೇರಿ ಆಗುವ ಖರ್ಚು ಹೊಸ ಡ್ರೈವರಿನ ಬೆಲೆಯ ಒಂದು ಸಣ್ಣ ಪಾಲು.